ಒಬ್ಬರು ಹತ್ತು ಕೊಟ್ಟರು, ಇನ್ನೊಬ್ಬರು ಆರು: ಆಲ್ಬಮ್ ಅಂಕಗಳನ್ನು ಓದುವ ಬಗೆ

ಪ್ರಶ್ನೆ: ಅಮೆರಿಕದ ರ‍್ಯಾಪ್ ಗಾಯಕ ಕಾನ್ಯೆ ವೆಸ್ಟ್ ಅವರ ‘ಮೈ ಬ್ಯೂಟಿಫುಲ್ ಡಾರ್ಕ್ ಟ್ವಿಸ್ಟೆಡ್ ಫ್ಯಾಂಟಸಿ’ ಆಲ್ಬಮ್‌ಗೆ 2010ರಲ್ಲಿ ಸಂಗೀತ ವಿಮರ್ಶೆಯ ಅಂತರ್ಜಾಲ ಪತ್ರಿಕೆ ಪಿಚ್‌ಫೋರ್ಕ್ ಹತ್ತಕ್ಕೆ ಹತ್ತು ಕೊಟ್ಟಿತು. ಯೂಟ್ಯೂಬ್ ವಿಮರ್ಶಕ ಆಂಟನಿ ಫ್ಯಾಂಟಾನೊ ಅದಕ್ಕೇ 6 ಕೊಟ್ಟರು. ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ತಾಣದಲ್ಲಿ 100ಕ್ಕೆ 94 ಇದೆ. ನಮ್ಮ ಗೆಳೆಯರ ಬಳಗದಲ್ಲಿ ಇಂಥ ಅಂಕಗಳ ಮೇಲೇ ವಾದ ನಡೆಯುತ್ತದೆ, ಹಾಡುಗಳ ಮಾತೇ ಬರುವುದಿಲ್ಲ. ವಿಮರ್ಶಕರೆಲ್ಲ ದುಡ್ಡು ತಗೊಂಡು ಬರೆಯುತ್ತಾರೆ ಅಂತ ಒಬ್ಬ, ಅಂಕ ಕಡಿಮೆ ಇದ್ದರೆ ಕೇಳುವುದೇ ಬೇಡ ಅಂತ ಇನ್ನೊಬ್ಬ. ಯಾರನ್ನು ನಂಬಬೇಕು? ಅಂಕ ನೋಡಿ ಆಲ್ಬಮ್ ಆರಿಸಿಕೊಳ್ಳುವುದು ತಪ್ಪೇ?

ಉತ್ತರ: ಅಂಕ ನೋಡಿ ಆರಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಪ್ರತಿ ಶುಕ್ರವಾರ ಬಂದು ಬೀಳುವ ಆಲ್ಬಮ್‌ಗಳ ರಾಶಿಯಲ್ಲಿ ಎಲ್ಲವನ್ನೂ ಕೇಳಿ ನೋಡುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಎಡವಟ್ಟಾಗುವುದು ಅಂಕವನ್ನು ಆಲ್ಬಮ್‌ನ ಗುಣ ಅಂದುಕೊಂಡಾಗ. ಹಾಲಿನ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟರೆ ಯಾರು ನೋಡಿದರೂ ಅದೇ ರೀಡಿಂಗ್; ಅದು ಹಾಲಿನ ಗುಣ. ನಿಮ್ಮ 10, 6, 94 ಆ ಜಾತಿಗೆ ಸೇರಿದವಲ್ಲ. ಮೂರನ್ನೂ ತೂಗಿದ ತಕ್ಕಡಿ ಬೇರೆ ಬೇರೆ. ಆ ತಕ್ಕಡಿಗಳ ಒಳಗು ಗೊತ್ತಾದರೆ ನಿಮ್ಮ ಬಳಗದ ಅರ್ಧ ಜಗಳ ತಾನಾಗಿ ನಿಲ್ಲುತ್ತದೆ. ಉಳಿದ ಅರ್ಧ, ಹಾಡುಗಳ ಮೇಲಿನ ಜಗಳ, ಮಾಡಲೇಬೇಕಾದದ್ದು.

ಪಿಚ್‌ಫೋರ್ಕ್ ತಕ್ಕಡಿ 0.0ಯಿಂದ 10.0ರವರೆಗೆ. ದಶಾಂಶ ಲೆಕ್ಕದಲ್ಲಿ 101 ಮೆಟ್ಟಿಲು. 1996ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ಕಡೆ ರಯಾನ್ ಶ್ರೈಬರ್ ಒಬ್ಬರೇ ಶುರುಮಾಡಿದ ಈ ಪತ್ರಿಕೆ ಆಮೇಲೆ ಶಿಕಾಗೊಗೆ ಹೋಯಿತು, 2015ರಲ್ಲಿ ಕಾಂಡೆ ನಾಸ್ಟ್ ಸಂಸ್ಥೆ ಅದನ್ನು ಕೊಂಡಿತು, 2024ರ ಜನವರಿಯಲ್ಲಿ ಜಿಕ್ಯು ಪತ್ರಿಕೆಯೊಳಗೆ ಸೇರಿಸಿತು. ಅಲ್ಲಿ ಬರಹದ ಕೆಳಗೆ ಒಬ್ಬರ ಹೆಸರಿದ್ದರೂ ಅಂಕ ಒಬ್ಬರದಲ್ಲ. ಬರೆದವರು ಮತ್ತು ಸಂಪಾದಕರು ಮಾತಾಡಿಕೊಂಡು ನಿಲ್ಲಿಸುವ ಅಂಕ ಅದು, ಅಂದರೆ ಪತ್ರಿಕೆಯ ನಿಲುವು. ಹಾಗಾಗಿ ಕೆಲವೊಮ್ಮೆ ಬರಹ ಬೆಚ್ಚಗಿರುತ್ತದೆ, ಅಂಕ ತಣ್ಣಗಿರುತ್ತದೆ. ಅಲ್ಲಿನ ಅಂಕಗಳು ಬಹುಪಾಲು 6ರಿಂದ 8.5ರ ನಡುವೆಯೇ ಓಡಾಡುತ್ತವೆ, 7 ಅಂದರೆ ಹೆಚ್ಚುಕಡಿಮೆ ಸರಾಸರಿ. ನಮ್ಮ ಶಾಲೆಯ ಲೆಕ್ಕದಲ್ಲಿ 70 ಅಂದರೆ ಫಸ್ಟ್ ಕ್ಲಾಸ್ ದಾಟಿದಂತೆ, ಪಿಚ್‌ಫೋರ್ಕ್‌ನ 7.0ಗೆ ‘ಕೇಳಬಹುದು’ ಅನ್ನುವಷ್ಟೇ ಅರ್ಥ. 10.0 ಅಲ್ಲಿ ಎಷ್ಟು ಅಪರೂಪ ಅಂದರೆ, ಕಾನ್ಯೆಯ ಆ ಆಲ್ಬಮ್ ಆದಮೇಲೆ ಹೊಸದಾಗಿ ಬಂದ ಇನ್ನೊಂದು ಆಲ್ಬಮ್‌ಗೆ 10.0 ಸಿಕ್ಕಿದ್ದು 2020ರ ಏಪ್ರಿಲ್‌ನಲ್ಲಿ, ಫಿಯೊನಾ ಆ್ಯಪಲ್ ಅವರ ‘ಫೆಚ್ ದ ಬೋಲ್ಟ್ ಕಟರ್ಸ್’ಗೆ. 8.2ಕ್ಕೂ 8.4ಕ್ಕೂ ಇರುವ ಅಂತರ ಯಾವ ಕಿವಿಗೂ ಕೇಳಿಸುವಂಥದ್ದಲ್ಲ. ಆ ಆಸುಪಾಸಿನಲ್ಲಿ ನೋಡಬೇಕಾದದ್ದು ‘ಬೆಸ್ಟ್ ನ್ಯೂ ಮ್ಯೂಸಿಕ್’ ಅನ್ನುವ ಗುರುತು ಇದೆಯೋ ಇಲ್ಲವೋ ಅನ್ನುವುದನ್ನು. ಆ ತೀರ್ಮಾನ ಸಂಪಾದಕರದ್ದು, ಅದಕ್ಕೆ ದಶಾಂಶಕ್ಕಿಂತ ಹೆಚ್ಚು ಅರ್ಥವಿದೆ.

ಫ್ಯಾಂಟಾನೊ ತಕ್ಕಡಿ ಒಂದೇ ಕಿವಿಯದು. 2009ರಿಂದ ಯೂಟ್ಯೂಬ್‌ನಲ್ಲಿ ‘ದ ನೀಡಲ್ ಡ್ರಾಪ್’ ಹೆಸರಿನಲ್ಲಿ ಒಬ್ಬರೇ ಕೂತು ಕೇಳಿ ಒಬ್ಬರೇ ಹೇಳುತ್ತಾರೆ. ಅಂಕಕ್ಕೆ ಲೈಟ್, ಡೀಸೆಂಟ್, ಸ್ಟ್ರಾಂಗ್ ಅನ್ನುವ ಬಾಲ ಸೇರಿಸುತ್ತಾರೆ. ‘ಸ್ಟ್ರಾಂಗ್ 6’ ಅಂದರೆ 7ಕ್ಕೆ ಹತ್ತಿರ, ‘ಲೈಟ್ 6’ ಅಂದರೆ 5ರ ಕಡೆಗೆ ವಾಲಿದ್ದು. ಅವರಿಂದ 10 ಪಡೆದ ಆಲ್ಬಮ್‌ಗಳು ಕೆಲವೇ: ಡೆತ್ ಗ್ರಿಪ್ಸ್ ತಂಡದ ‘ದ ಮನಿ ಸ್ಟೋರ್’ (2012), ಕೆಂಡ್ರಿಕ್ ಲಮಾರ್ ಅವರ ‘ಟು ಪಿಂಪ್ ಎ ಬಟರ್‌ಫ್ಲೈ’ (2015) ಅಂಥವು. ಆ ಪಟ್ಟಿ ನೋಡಿದರೇ ಕಿವಿಯ ಒಲವು ತಿಳಿಯುತ್ತದೆ: ಒರಟು ಸದ್ದು, ಅಪಾಯಕ್ಕೆ ಕೈಹಾಕುವ ರಚನೆ. ಸದ್ದು ನಯವಾಗಿರುವ, ವೈಭವದ ಆಲ್ಬಮ್‌ಗಳನ್ನು ಮೆಚ್ಚುವವರು ಅವರ 6 ನೋಡಿ ಎದೆಗುಂದಬೇಕಿಲ್ಲ.

ಮೆಟಾಕ್ರಿಟಿಕ್ ಯಾವ ಆಲ್ಬಮ್ಮನ್ನೂ ಕೇಳುವುದಿಲ್ಲ. ಬೇರೆಯವರ ಅಂಕಗಳನ್ನು 100ರ ಲೆಕ್ಕಕ್ಕೆ ತಿರುಗಿಸಿ ಸರಾಸರಿ ಹಾಕುತ್ತದೆ. ಕನಿಷ್ಠ 4 ವಿಮರ್ಶೆ ಸಿಗುವವರೆಗೆ ಅಂಕವನ್ನೇ ಕೊಡುವುದಿಲ್ಲ. ಎಲ್ಲ ಪತ್ರಿಕೆಗಳಿಗೂ ಒಂದೇ ತೂಕ ಇಲ್ಲ, ಯಾವುದಕ್ಕೆ ಎಷ್ಟು ತೂಕ ಅನ್ನುವುದನ್ನು ಅವರು ಹೊರಗೆ ಹೇಳುವುದಿಲ್ಲ. ಅಕ್ಷರದಲ್ಲಿ ದರ್ಜೆ ಕೊಡುವವರ ‘ಎ’ 100 ಆಗುತ್ತದೆ, ‘ಎಫ್’ 0 ಆಗುತ್ತದೆ, ‘ಬಿ ಮೈನಸ್’ 67ಕ್ಕೆ ಬಂದು ನಿಲ್ಲುತ್ತದೆ. ‘ಬಿ ಮೈನಸ್’ ಬರೆದವರು ‘ಪರವಾಗಿಲ್ಲ, ಚೆನ್ನಾಗಿದೆ’ ಅಂತಲೇ ಬರೆದಿರಬಹುದು; 67 ಅಂತ ಕಂಡಾಗ ಓದುವವರಿಗೆ ಹಾಗೆ ಅನ್ನಿಸುವುದಿಲ್ಲ. ಇನ್ನೊಂದು ಮಾತು: ಪಿಚ್‌ಫೋರ್ಕ್ ಕೊಟ್ಟ 10.0 ಆ 94ರ ಒಳಗೇ 100 ಆಗಿ ಕೂತಿದೆ. ಹಾಗಾಗಿ ‘ಪಿಚ್‌ಫೋರ್ಕೂ ಹೊಗಳಿದೆ, ಮೆಟಾಕ್ರಿಟಿಕ್ಕೂ ಹೊಗಳಿದೆ’ ಅಂದರೆ ಒಂದೇ ಸಾಕ್ಷಿಯನ್ನು ಎರಡು ಸಲ ಕರೆದಂತೆ.

ಸರಾಸರಿ ಏನನ್ನು ಮುಚ್ಚಿಡುತ್ತದೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಎಂಟು ಜನ 90 ಕೊಟ್ಟು ಒಬ್ಬರು 30 ಕೊಟ್ಟರೆ ಒಟ್ಟು 750, ಒಂಬತ್ತರಿಂದ ಭಾಗಿಸಿದರೆ 83. ಒಂಬತ್ತು ಜನರೂ 83 ಕೊಟ್ಟರೂ ಅದೇ 83. ಎರಡನೆಯದು ಯಾರಿಗೂ ಬೇಸರ ತರಿಸದ, ಯಾರನ್ನೂ ಅಲುಗಾಡಿಸದ ಆಲ್ಬಮ್ ಆಗಿರುವ ಸಾಧ್ಯತೆ ಹೆಚ್ಚು. ಮೊದಲನೆಯದರಲ್ಲಿ ಯಾವುದೋ ಒಂದು ಸಂಗತಿ ಇದೆ, ಅದು ಒಬ್ಬರ ಕಿವಿಗೆ ಮುಳ್ಳಾಗಿದೆ. ಆ 30 ಕೊಟ್ಟವರ ವಿಮರ್ಶೆಯನ್ನೇ ಮೊದಲು ಓದಿ. ಆ ಮುಳ್ಳು ಯಾವುದು ಅಂತ ತಿಳಿದರೆ ಅದು ನಿಮಗೂ ಚುಚ್ಚುತ್ತದೋ ಇಲ್ಲವೋ ನೀವೇ ಹೇಳಬಲ್ಲಿರಿ.

ಕೇಳುಗರೇ ಅಂಕ ಕೊಡುವ ತಾಣಗಳದ್ದು ಬೇರೆ ಕಥೆ. ‘ರೇಟ್ ಯುವರ್ ಮ್ಯೂಸಿಕ್’ನಲ್ಲಿ ಅರ್ಧದಿಂದ 5 ನಕ್ಷತ್ರ. ಸಾವಿರಾರು ಜನ ಕೊಟ್ಟ ಮೇಲೂ 3.5ರ ಮೇಲೆ ನಿಂತಿದ್ದರೆ ಅದು ಒಳ್ಳೆಯ ಆಲ್ಬಮ್, 4 ದಾಟುವುದು ಬಹಳ ಅಪರೂಪ. 3.5 ನೋಡಿ ‘70 ಪರ್ಸೆಂಟ್ ಅಷ್ಟೇನಾ’ ಅನ್ನುವವರು ಅಲ್ಲೇ ಎಡವುತ್ತಾರೆ. ಜೊತೆಗೆ, ಎಷ್ಟು ಜನ ಕೊಟ್ಟಿದ್ದಾರೆ ಅನ್ನುವುದನ್ನೂ ನೋಡಿ. ಮುನ್ನೂರು ಜನ ಮಾತ್ರ ಕೇಳಿದ ಡೆತ್ ಮೆಟಲ್ ಆಲ್ಬಮ್‌ಗೆ ಅಂಕ ಕೊಟ್ಟವರೆಲ್ಲ ಆ ಸಂಗೀತವನ್ನು ಹುಡುಕಿಕೊಂಡು ಹೋದವರೇ. ಜನಪ್ರಿಯ ಪಾಪ್ ಆಲ್ಬಮ್‌ಗೆ ಬೇಕಾದವರು, ಬೇಡವಾದವರು, ರೇಗಿಸಲು ಬಂದವರು ಎಲ್ಲರೂ ಕೊಟ್ಟಿರುತ್ತಾರೆ. ಈ ಎರಡು ಸರಾಸರಿಗಳನ್ನು ಪಕ್ಕಪಕ್ಕ ಇಟ್ಟು ತೂಗಲಾಗದು. ಸಂಖ್ಯೆಗಿಂತ, ಯಾವ ಅಂಕವನ್ನು ಎಷ್ಟು ಜನ ಕೊಟ್ಟಿದ್ದಾರೆ ಅಂತ ತೋರಿಸುವ ಪಕ್ಕದ ಕಂಬಗಳ ಚಿತ್ರ ನೋಡಿ: ಎರಡು ತುದಿಯಲ್ಲೂ ಕಂಬ ಎತ್ತರ, ನಡುವೆ ಖಾಲಿ ಇದ್ದರೆ ಅಲ್ಲಿ ಅಭಿಮಾನಿ ಬಣಗಳ ಕಾದಾಟ ನಡೆದಿದೆ, ಆಲ್ಬಮ್ ಬಗ್ಗೆ ಅದರಿಂದ ಏನೂ ತಿಳಿಯದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಯಾರನ್ನು ನಂಬಬೇಕು. ಇದಕ್ಕೆ ಮಾಡಿ ನೋಡಬಹುದಾದ ಒಂದು ಪರೀಕ್ಷೆ ಇದೆ, ಒಂದು ಭಾನುವಾರದ ಮಧ್ಯಾಹ್ನ ಸಾಕು. ಕನಿಷ್ಠ ಒಂದು ವರ್ಷದಿಂದ ನಿಮಗೆ ಚೆನ್ನಾಗಿ ಗೊತ್ತಿರುವ 20 ಆಲ್ಬಮ್‌ಗಳನ್ನು ಬರೆದುಕೊಳ್ಳಿ. ಏಳು ನಿಮಗೆ ಪ್ರಾಣ ಅನ್ನುವಂಥವು, ಆರು ಪರವಾಗಿಲ್ಲ ಅನ್ನುವಂಥವು, ಏಳು ಇಷ್ಟವಾಗದವು. ಇಷ್ಟವಿಲ್ಲದವನ್ನು ಬಿಟ್ಟುಬಿಡುವ ಆಸೆ ಆಗುತ್ತದೆ, ಬಿಡಬೇಡಿ; ವಿಮರ್ಶಕರ ಕಿವಿ ಸರಿಯಾಗಿ ಗೊತ್ತಾಗುವುದು ಅಲ್ಲಿಯೇ. ಪ್ರತಿಯೊಂದಕ್ಕೂ ಹತ್ತಕ್ಕೆ ನಿಮ್ಮ ಅಂಕ ಬರೆಯಿರಿ. ಇದನ್ನು ವಿಮರ್ಶಕರ ಅಂಕ ನೋಡುವ ಮೊದಲೇ ಮಾಡಬೇಕು. ಮೊದಲು 9 ಅಂತ ಕಂಡುಬಿಟ್ಟರೆ ನಿಮ್ಮ 6 ತನಗೇ ಗೊತ್ತಿಲ್ಲದ ಹಾಗೆ 7 ಆಗಿಬಿಡುತ್ತದೆ. ಆಮೇಲೆ ಒಬ್ಬ ವಿಮರ್ಶಕರನ್ನು ಆರಿಸಿ, ಅವರ ಅಂಕಗಳನ್ನು ಪಕ್ಕದ ಕಾಲಂನಲ್ಲಿ ಬರೆದು, ಅವರದ್ದರಿಂದ ನಿಮ್ಮದನ್ನು ಕಳೆಯಿರಿ.

ನಾಲ್ಕು ಸಾಲಿನಲ್ಲಿ ತೋರಿಸುತ್ತೇನೆ. ನಿಮ್ಮ ಅಂಕ 9, 8, 6, 5. ಮೊದಲ ವಿಮರ್ಶಕರದ್ದು 7, 6, 4.5, 2.5. ವ್ಯತ್ಯಾಸ ಮೈನಸ್ 2, ಮೈನಸ್ 2, ಮೈನಸ್ 1.5, ಮೈನಸ್ 2.5. ಸರಾಸರಿ ಮೈನಸ್ 2. ಇವರು ಬಿಗಿ ಕೈಯವರು, ಆದರೆ ಬಿಗಿ ಎಲ್ಲ ಕಡೆಯೂ ಒಂದೇ ಸಮ. ಇವರ 6 ಅಂದರೆ ನಿಮ್ಮ 8. ಇಂಥವರು ಸಿಕ್ಕರೆ ಬಿಡಬೇಡಿ. ಈಗ ಇನ್ನೊಬ್ಬರು: ನಿಮ್ಮ 9, 5, 8, 4ಕ್ಕೆ ಅವರು ಕೊಟ್ಟದ್ದು 5, 9, 5, 7. ವ್ಯತ್ಯಾಸ ಮೈನಸ್ 4, ಪ್ಲಸ್ 4, ಮೈನಸ್ 3, ಪ್ಲಸ್ 3. ಸರಾಸರಿ ಸೊನ್ನೆ! ಮೇಲ್ನೋಟಕ್ಕೆ ಇವರೇ ನಿಮಗೆ ಹತ್ತಿರದವರಂತೆ ಕಾಣುತ್ತಾರೆ, ಆದರೆ ಇವರ ಅಂಕದಿಂದ ನಿಮ್ಮ ಮುಂದಿನ ಆಲ್ಬಮ್ ಆರಿಸಿಕೊಳ್ಳಲು ಹೋದರೆ ಕೆಡುತ್ತೀರಿ. ನೋಡಬೇಕಾದದ್ದು ಸರಾಸರಿಯನ್ನಲ್ಲ, ವ್ಯತ್ಯಾಸ ಎಷ್ಟು ಚೆದುರಿದೆ ಅನ್ನುವುದನ್ನು. ಆದರೂ ಈ ಎರಡನೆಯವರಲ್ಲಿ ಒಂದು ಕ್ರಮ ಇದೆ: ನಿಮಗೆ ಹಿಡಿಸಿದ್ದು ಅವರಿಗೆ ಹಿಡಿಸುವುದಿಲ್ಲ, ಬೇಡವಾದದ್ದು ಹಿಡಿಸುತ್ತದೆ. 20 ಸಾಲಿನಲ್ಲೂ ಹೀಗೇ ಇದ್ದರೆ ಇವರೂ ಉಪಯೋಗಕ್ಕೆ ಬರುತ್ತಾರೆ, ಇವರು ತೆಗಳಿದ್ದನ್ನು ಹುಡುಕಿ ಕೇಳಿ. ತಲೆ ಕೆಡಿಸುವವರು ಯಾವ ಕ್ರಮವೂ ಇಲ್ಲದವರು.

ಈ ಪರೀಕ್ಷೆ ಕೈಕೊಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಹಿಪ್‌ಹಾಪ್, ಮೆಟಲ್, ಜಾನಪದ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಕಲಸಿಬಿಡುತ್ತಾರೆ. ಹಿಪ್‌ಹಾಪ್‌ನಲ್ಲಿ ನಿಮ್ಮ ಕಿವಿಗೆ ಹೊಂದುವವರು ಮೆಟಲ್‌ನಲ್ಲಿ ದಾರಿ ತಪ್ಪಿಸಬಹುದು. ಒಂದೊಂದು ಪ್ರಕಾರಕ್ಕೂ ಕನಿಷ್ಠ ಐದು ಆಲ್ಬಮ್ ಇರುವಂತೆ ನೋಡಿಕೊಳ್ಳಿ, ವ್ಯತ್ಯಾಸವನ್ನು ಪ್ರಕಾರವಾರು ಬೇರೆ ಬೇರೆ ನೋಡಿ. ಪಿಚ್‌ಫೋರ್ಕ್‌ನಂಥ ಪತ್ರಿಕೆಯಾದರೆ, ಅಂಕ ಸಂಪಾದಕರ ಜೊತೆ ಸೇರಿ ನಿಲ್ಲಿಸಿದ್ದಾದರೂ, ಪತ್ರಿಕೆಯ ಹೆಸರಿನಲ್ಲಿ ಈ ಲೆಕ್ಕ ಮಾಡಬೇಡಿ, ಬರೆದವರ ಹೆಸರಿನಲ್ಲಿ ಮಾಡಿ.

ಅಂಕದ ಮಾತು ಇಷ್ಟು ಸಾಕು. ವಿಮರ್ಶೆಯ ಸತ್ವ ಇರುವುದು ವಾಕ್ಯಗಳಲ್ಲಿ. ನಮ್ಮಲ್ಲಿ ಪತ್ರಿಕೆಗಳಲ್ಲಿ ಬರುವ ಸಂಗೀತ ಕಚೇರಿ ವಿಮರ್ಶೆಗಳಿಗೆ ಅಂಕ ಹಾಕುವ ರೂಢಿಯೇ ಇಲ್ಲ. ‘ತೋಡಿ ಆಲಾಪನೆ ಚೊಕ್ಕವಾಗಿತ್ತು, ತಾರಸ್ಥಾಯಿಯಲ್ಲಿ ಶ್ರುತಿ ಸ್ವಲ್ಪ ಇಳಿಯಿತು, ತನಿಯಾವರ್ತನ ಉದ್ದವಾಯಿತು’ ಎಂಬ ಧಾಟಿಯಲ್ಲಿ ಬರೆಯುತ್ತಾರೆ. ಈ ಮೂರೂ ಮಾತುಗಳನ್ನು ಧ್ವನಿಮುದ್ರಣ ಇದ್ದರೆ ನೀವೇ ಕೂತು ಪರೀಕ್ಷಿಸಬಹುದು, ಒಪ್ಪಬಹುದು, ತಕರಾರು ಎತ್ತಬಹುದು. ಪಾಪ್, ರಾಕ್, ರ‍್ಯಾಪ್ ವಿಮರ್ಶೆಯಲ್ಲೂ ಇಂಥ ವಾಕ್ಯಗಳನ್ನೇ ಹುಡುಕಿ. ಓದುವಾಗ ಮೂರು ಬಗೆಯ ವಾಕ್ಯಗಳನ್ನು ಬೇರ್ಪಡಿಸಿಕೊಳ್ಳಿ: ಏನು ಕೇಳಿಸುತ್ತದೆ ಅನ್ನುವ ವಿವರಣೆ, ಯಾವುದರ ಹಾಗಿದೆ ಅನ್ನುವ ಹೋಲಿಕೆ, ಚೆನ್ನಾಗಿದೆ ಅಥವಾ ಇಲ್ಲ ಅನ್ನುವ ತೀರ್ಪು. ತೀರ್ಪೇ ತುಂಬಿ ವಿವರಣೆ ಇಲ್ಲದ ಬರಹವನ್ನು ಅಲ್ಲೇ ಕೈಬಿಡಿ, ಅದನ್ನು ಯಾರೇ ಬರೆದಿರಲಿ.

ನಿಮ್ಮ ಕಾನ್ಯೆ ಆಲ್ಬಮ್ಮನ್ನೇ ಹತ್ತಿರದಿಂದ ನೋಡೋಣ. ಅದರಲ್ಲಿ ‘ರನ್‌ಅವೇ’ ಅನ್ನುವ ಹಾಡಿದೆ, 9 ನಿಮಿಷ 8 ಸೆಕೆಂಡ್. ಪಿಯಾನೊದ ಮೇಲಿನ ಒಂದೇ ಒಂದು ಸ್ವರದಿಂದ ಶುರು. ಬೇರೆ ಏನೂ ಇಲ್ಲ, ಬೆರಳು ಅದೇ ಕೀಯನ್ನು ಮತ್ತೆ ಮತ್ತೆ ತಟ್ಟುತ್ತದೆ, ನಡುವೆ ಮೌನ ಬಿಟ್ಟುಬಿಟ್ಟು. ಆಮೇಲೆ ಸ್ವರ ಕೆಳಗಿಳಿಯುತ್ತದೆ, ಡ್ರಮ್ ಬರುತ್ತದೆ, ಮಾತು ಬರುತ್ತದೆ. ಕೊನೆಯ ಮೂರು ನಿಮಿಷದಷ್ಟು ಹೊತ್ತು ಕಾನ್ಯೆಯ ಧ್ವನಿ ಯಂತ್ರದಲ್ಲಿ ಹಾದು ಎಷ್ಟು ಒಡೆದುಹೋಗುತ್ತದೆ ಅಂದರೆ ಒಂದು ಪದವೂ ಸ್ಪಷ್ಟವಾಗುವುದಿಲ್ಲ, ತಂತಿವಾದ್ಯಗಳ ಮೇಲೆ ಬರಿ ನರಳಿಕೆಯಂಥ ರಾಗ. ಆಲ್ಬಮ್ಮನ್ನು ತಲೆಯ ಮೇಲೆ ಹೊತ್ತವರಿಗೆ ಈ ಮೂರು ನಿಮಿಷವೇ ಅದರ ಹೃದಯ: ತನ್ನ ತಪ್ಪನ್ನು ಒಪ್ಪಿಕೊಳ್ಳಲು ಹೊರಟವನಿಗೆ ಮಾತೇ ಹೊರಡುತ್ತಿಲ್ಲ. ಒಲ್ಲದವರಿಗೆ ಇದೇ ಮೂರು ನಿಮಿಷ ಅತಿರೇಕ: ಆರು ನಿಮಿಷಕ್ಕೆ ಮುಗಿದ ಹಾಡನ್ನು ಎಳೆದದ್ದು. ಇಬ್ಬರೂ ಕೇಳಿಸಿಕೊಂಡದ್ದು ಒಂದನ್ನೇ, ವಿವರಣೆಯಲ್ಲಿ ಜಗಳವಿಲ್ಲ. ಉದ್ದಕ್ಕೆ ಕಾರಣ ಇದೆಯೋ ಇಲ್ಲವೋ ಅನ್ನುವಲ್ಲಿ ದಾರಿ ಕವಲೊಡೆಯುತ್ತದೆ. ನನ್ನ ಮಟ್ಟಿಗೆ ಕಾರಣ ಇದೆ. ಆರಂಭದ ಒಂಟಿ ಸ್ವರಕ್ಕೆ ಕೊನೆಯ ಒಡಕು ಧ್ವನಿ ಉತ್ತರ ಕೊಡುತ್ತದೆ, ಅದನ್ನು ಕತ್ತರಿಸಿದರೆ ಹಾಡು ಬರಿ ಕ್ಷಮಾಪಣೆಯ ಪಾಠವಾಗುತ್ತದೆ. ಆದರೆ 13 ಟ್ರ್ಯಾಕ್‌ಗಳ ಆ ಆಲ್ಬಮ್‌ನ ಬೇರೆ ಕೆಲವು ಕಡೆ, ಅತಿಥಿಗಳ ಮೇಲೆ ಅತಿಥಿಗಳು ಬಂದು ಹೋಗುವಲ್ಲಿ, ಆ ಅತಿರೇಕದ ದೂರಿಗೆ ನಾನು ಉತ್ತರ ಕೊಡಲಾರೆ. 10 ಮತ್ತು 6ರ ನಡುವಿನ ಅಂತರ ಹುಟ್ಟುವುದು ಇಂಥ ಕಡೆಗಳಲ್ಲಿ. ನಿಮ್ಮ ಬಳಗದಲ್ಲಿ ವಾದ ಮಾಡಬೇಕಾದದ್ದೂ ಇದನ್ನೇ.

‘ಲೋಕೋ ಭಿನ್ನರುಚಿಃ’ ಅಂದು ಕೈತೊಳೆದುಕೊಳ್ಳುವವರು ಪ್ರತಿ ಬಳಗದಲ್ಲೂ ಒಬ್ಬರಿರುತ್ತಾರೆ. ಆ ಮಾತು ಸುಳ್ಳಲ್ಲ, ಆದರೆ ಅದನ್ನು ಮಾತಿನ ಕೊನೆಗೆ ಬಳಸಬೇಕು, ಮೊದಲಿಗೇ ಬಳಸಿದರೆ ಯಾರ ಕಿವಿಯೂ ಬೆಳೆಯುವುದಿಲ್ಲ.

ವಿಮರ್ಶಕರು ನಿಜವಾಗಿ ತಪ್ಪುವ ಜಾಗಗಳೂ ಇವೆ. ಮೊದಲನೆಯದು ಅವಸರ. ಟೇಲರ್ ಸ್ವಿಫ್ಟ್ ಅವರ ‘ದ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್’ 2024ರ ಏಪ್ರಿಲ್ 19ರಂದು 16 ಹಾಡುಗಳೊಂದಿಗೆ ಬಂತು. ಎರಡು ಗಂಟೆಯಾದ ಮೇಲೆ ಇನ್ನೂ 15 ಹಾಡು ಸೇರಿ 31 ಆಯಿತು, ಒಟ್ಟು ಎರಡು ಗಂಟೆಗೂ ಮೇಲ್ಪಟ್ಟ ಸಂಗೀತ. ಒಬ್ಬರು ಅದನ್ನು ನಾಲ್ಕು ಸಲ ಕೇಳಬೇಕಾದರೆ ಎಂಟು ಗಂಟೆ ಬೇಕು, ಬರೆಯುವ ಹೊತ್ತು ಬೇರೆ. ಆದರೂ ಅನೇಕ ವಿಮರ್ಶೆಗಳು ಆ ವಾರಾಂತ್ಯದೊಳಗೇ ಹೊರಬಂದವು. ಹೊಗಳಿದ್ದಿರಲಿ, ತೆಗಳಿದ್ದಿರಲಿ, ಅಂಥ ಬರಹವನ್ನು ಮೊದಲ ನೋಟದ ಮಾತು ಅಂತಲೇ ಓದಬೇಕು. ಬಿಡುಗಡೆಯ ತಾರೀಖು, ವಿಮರ್ಶೆಯ ತಾರೀಖು, ಆಲ್ಬಮ್‌ನ ಉದ್ದ ಮೂರನ್ನೂ ಪಕ್ಕಪಕ್ಕ ಇಟ್ಟರೆ ಎಷ್ಟು ಸಲ ಕೇಳಿರಲು ಸಾಧ್ಯ ಅನ್ನುವ ಅಂದಾಜು ನಿಮಗೇ ಸಿಗುತ್ತದೆ. ಬಿಡುಗಡೆಗೆ ಮೊದಲೇ ಪ್ರತಿ ಕಳಿಸಿದ್ದರೆ ಈ ಲೆಕ್ಕ ಬದಲಾಗುತ್ತದೆ. ದೊಡ್ಡ ತಾರೆಯರ ಆಲ್ಬಮ್‌ಗಳು ಸೋರಿಕೆಯ ಭಯದಿಂದ ಹಾಗೆ ಮೊದಲೇ ಕೈಗೆ ಸಿಗುವುದು ಕಡಿಮೆ.

ಎರಡನೆಯದು ಕಾಲದ ರುಚಿ. ಪಿಚ್‌ಫೋರ್ಕ್ ತನ್ನ 25ನೇ ವರ್ಷದಲ್ಲಿ, 2021ರ ಅಕ್ಟೋಬರ್‌ನಲ್ಲಿ, 19 ಹಳೆಯ ಆಲ್ಬಮ್‌ಗಳ ಅಂಕ ತಿದ್ದಿತು. ಡಾಫ್ಟ್ ಪಂಕ್ ತಂಡದ ‘ಡಿಸ್ಕವರಿ’ 6.4ರಿಂದ 10ಕ್ಕೆ ಏರಿತು. ಇಂಟರ್‌ಪೋಲ್ ತಂಡದ ‘ಟರ್ನ್ ಆನ್ ದ ಬ್ರೈಟ್ ಲೈಟ್ಸ್’ 9.5ರಿಂದ 7ಕ್ಕೆ ಇಳಿಯಿತು. ಇಂಡಿ ರಾಕ್ (ದೊಡ್ಡ ಕಂಪನಿಗಳ ಹೊರಗೆ ಬೆಳೆದ ರಾಕ್) ಗಾಯಕಿ ಲಿಜ್ ಫೇರ್ ಅವರದೇ ಹೆಸರಿನ 2003ರ ಆಲ್ಬಮ್‌ಗೆ ಆಗ ಸಿಕ್ಕಿದ್ದ 0.0 ಈಗ 6 ಆಯಿತು. ಆ ಸೊನ್ನೆ ಕೊಟ್ಟು ಬರೆದವರು 2019ರಲ್ಲೇ ಬಹಿರಂಗವಾಗಿ ಕ್ಷಮೆ ಕೇಳಿದ್ದರು. ಇಂಡಿ ರಾಕ್ ಗಾಯಕಿ ಪಾಪ್ ಕಡೆ ಹೊರಳಿದರೆ ಅದು ದ್ರೋಹ ಅನ್ನುವ ಭಾವನೆ ಆ ಕಾಲದ ರಾಕ್ ವಿಮರ್ಶೆಯಲ್ಲಿ ಬಲವಾಗಿತ್ತು. 2004ರ ಅಕ್ಟೋಬರ್‌ನಲ್ಲಿ ಕೆಲೆಫಾ ಸನ್ನೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಈ ‘ರಾಕಿಸಂ’ ವಿರುದ್ಧ ಬರೆದ ಲೇಖನ ದೊಡ್ಡ ಚರ್ಚೆ ಎಬ್ಬಿಸಿತು, ಪಾಪ್ ಸಂಗೀತವನ್ನೂ ಗಂಭೀರವಾಗಿ ಕೇಳಬೇಕು ಅನ್ನುವ ಗಾಳಿ ಬಲವಾಯಿತು. ಹಾಗಾಗಿ ವಿಮರ್ಶೆ ಓದುವಾಗ ಇಸವಿ ನೋಡದೆ ಅಂಕ ನೋಡಬೇಡಿ. ತಿದ್ದಿದ ಅಂಕವೇ ಅಂತಿಮ ಸತ್ಯ ಅಂತಲೂ ತಿಳಿಯಬೇಡಿ, ಅದು 2021ರ ಕಿವಿಯ ಅಂಕ. ಸೊನ್ನೆ ಕೊಡುವುದು ಓದುವವರಿಗೆ ರಂಜನೆಯಾಗಿ ಕಾಣಬಹುದು, ಸಣ್ಣ ಕಲಾವಿದರಿಗೆ ಅದರ ಏಟು ಬಹಳ ದಿನ ಉಳಿಯುತ್ತದೆ. ಡಿಸ್ಮೆಂಬರ್‌ಮೆಂಟ್ ಪ್ಲಾನ್ ತಂಡದ ಗಾಯಕ ಟ್ರಾವಿಸ್ ಮಾರಿಸನ್ ಅವರ ಮೊದಲ ಸ್ವತಂತ್ರ ಆಲ್ಬಮ್‌ಗೆ 2004ರಲ್ಲಿ ಬಿದ್ದ 0.0 ಇವತ್ತಿಗೂ ಅವರ ಹೆಸರಿನ ಜೊತೆಗೇ ಬರುತ್ತದೆ. ಅದೇ ತಿಂಗಳು ಆರ್ಕೇಡ್ ಫೈರ್ ತಂಡದ ‘ಫ್ಯೂನರಲ್’ಗೆ ಸಿಕ್ಕ 9.7 ಇನ್ನೂ ಹೆಚ್ಚು ಜನರಿಗೆ ಗೊತ್ತಿಲ್ಲದ ತಂಡವನ್ನು ಮನೆಮಾತಾಗಿಸಲು ನೆರವಾಯಿತು.

ದುಡ್ಡಿನ ಆರೋಪಕ್ಕೆ ಬರೋಣ. ಸಾಕ್ಷಿ ಇಲ್ಲದೆ ಯಾರ ಮೇಲೂ ಇದನ್ನು ಹೊರಿಸಬಾರದು, ನಿಮ್ಮ ಗೆಳೆಯರಿಗೆ ಇದನ್ನು ಖಂಡಿತ ಹೇಳಿ. ನಿಜವಾದ ಸಮಸ್ಯೆ ದುಡ್ಡಿಗಿಂತ ಸಣ್ಣದು, ಹೆಚ್ಚು ಸಾಮಾನ್ಯವಾದದ್ದು: ಸಂಗೀತ ಕಂಪನಿ ವಿಮರ್ಶಕರಿಗೆ ಕಳಿಸುವ ಪತ್ರಿಕಾ ಟಿಪ್ಪಣಿ. ಬೋನ್ ಐವೆರ್ ತಂಡದ ಮೊದಲ ಆಲ್ಬಮ್ ಬಂದಾಗ, ಜಸ್ಟಿನ್ ವರ್ನನ್ ವಿಸ್ಕಾನ್ಸಿನ್‌ನ ಕಾಡಿನ ನಡುವೆ ತಂದೆಯ ಬೇಟೆ ಮನೆಯಲ್ಲಿ ಚಳಿಗಾಲ ಕಳೆದು ಹಾಡು ಕಟ್ಟಿದ ಕಥೆ ಬಹುಪಾಲು ವಿಮರ್ಶೆಗಳಲ್ಲಿ ಬಂತು. ಕಥೆ ನಿಜವೇ. ಆದರೆ ಓದಿದವರಿಗೆ ಹಾಡಿಗಿಂತ ಮೊದಲು ಹಿಮ ಕೇಳಿಸತೊಡಗಿತು. ಒಂದು ಆಲ್ಬಮ್‌ನ ನಾಲ್ಕೈದು ವಿಮರ್ಶೆ ತೆರೆದು ನೋಡಿ; ಎಲ್ಲದರಲ್ಲೂ ಅದೇ ಹಿನ್ನೆಲೆ ಕಥೆ, ಅದೇ ವಿಶೇಷಣ ಇದ್ದರೆ ಅದು ಒಂದೇ ಟಿಪ್ಪಣಿಯಿಂದ ಇಳಿದದ್ದು. ಆ ಸಾಲುಗಳನ್ನು ಅಳಿಸಿದ ಮೇಲೆ ಉಳಿಯುವುದಷ್ಟೇ ವಿಮರ್ಶೆ. ಭಾಷೆಯದ್ದೂ ಹೀಗೇ. ಸಾಹಿತ್ಯ ಅರ್ಥವಾಗದ ಭಾಷೆಯ ಆಲ್ಬಮ್‌ಗೆ ಬರೆಯುವವರು ಸದ್ದಿನ ಬಗ್ಗೆ ಚೆನ್ನಾಗಿ ಬರೆಯಬಲ್ಲರು, ಪದ ಮತ್ತು ಲಯ ಹೇಗೆ ಕೂಡಿದೆ ಅನ್ನುವುದು ಅವರಿಗೆ ದಕ್ಕುವುದಿಲ್ಲ. ಕನ್ನಡ ರ‍್ಯಾಪ್‌ಗೆ ಪ್ರಾಸ ತಿಳಿಯದವರು ಕೊಟ್ಟ ಅಂಕವನ್ನು ಬೀಟ್‌ಗೆ ಕೊಟ್ಟ ಅಂಕ ಅಂತಷ್ಟೇ ತೆಗೆದುಕೊಳ್ಳಿ.

ಕೇಳುವ ರೀತಿಯೇ ಬೇರೆ ಇದ್ದಾಗಲೂ ಸುಮ್ಮನೆ ಜಗಳವಾಗುತ್ತದೆ. ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ 2008ರಲ್ಲಿ ಬಂದಾಗ ಸಿಡಿಯಲ್ಲಿ ಸದ್ದನ್ನು ಎಷ್ಟು ಒತ್ತಿ ಜೋರು ಮಾಡಿದ್ದರು ಅಂದರೆ ಡ್ರಮ್ ಏಟು ಒಡೆದು ಕೇಳುತ್ತಿತ್ತು. ‘ಗಿಟಾರ್ ಹೀರೊ’ ವಿಡಿಯೊ ಗೇಮ್‌ಗೆ ಕೊಟ್ಟ ಅದೇ ಹಾಡುಗಳಲ್ಲಿ ಆ ಒತ್ತಡ ಇರಲಿಲ್ಲ, ಎರಡನ್ನೂ ಹೋಲಿಸಿ ಕೇಳಿದ ಅಭಿಮಾನಿಗಳು ಮತ್ತೆ ಮಿಕ್ಸ್ ಮಾಡಿ ಅಂತ ಸಾವಿರಾರು ಸಹಿ ಹಾಕಿದರು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಆ ತಂಡವನ್ನು ನೇರ ಕೇಳಿದವರಿಗೆ ಸಿಡಿಯ ಸದ್ದಿಗೂ ವೇದಿಕೆಯ ಸದ್ದಿಗೂ ಇರುವ ದೂರ ಹೇಳಬೇಕಾಗಿಲ್ಲ. ಇಲ್ಲಿ ಹಾಡುಗಳ ರಚನೆ ಮೆಚ್ಚಿದವರೂ ಸರಿ, ಸದ್ದಿಗೆ ಬೇಸತ್ತವರೂ ಸರಿ, ಎರಡನ್ನೂ ಒಂದೇ ಅಂಕದಲ್ಲಿ ತುರುಕಿದ್ದು ತಪ್ಪು. ನೀವು ಎರಡು ಆಲ್ಬಮ್‌ಗಳ ಸದ್ದನ್ನು ಹೋಲಿಸುವಾಗ ಆ್ಯಪ್‌ನಲ್ಲಿ ವಾಲ್ಯೂಮ್ ನಾರ್ಮಲೈಸೇಷನ್ (ಎಲ್ಲ ಹಾಡುಗಳ ಜೋರನ್ನು ಒಂದೇ ಮಟ್ಟಕ್ಕೆ ತರುವ ಸೆಟ್ಟಿಂಗ್) ಆನ್ ಇರಲಿ. ಸ್ಪಾಟಿಫೈನಲ್ಲಿ ಸಾಮಾನ್ಯ ಮಟ್ಟ ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರನ್ನು ಅಳೆಯುವ ಮಾನ). ಅದು ಆಫ್ ಇದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುತ್ತದೆ, ಕಿವಿ ಹಾಗೆ ಮೋಸ ಹೋಗುತ್ತದೆ. ಫೋನ್‌ನ ಪುಟ್ಟ ಸ್ಪೀಕರ್‌ನಲ್ಲಿ ಕೇಳಿ ಹಿಪ್‌ಹಾಪ್ ಆಲ್ಬಮ್ ಬಗ್ಗೆ ತೀರ್ಪು ಕೊಡಬೇಡಿ. 40ರಿಂದ 60 ಹರ್ಟ್ಸ್‌ನ ಆಳದ ಬೇಸ್ ಅದರಲ್ಲಿ ಬರುವುದೇ ಇಲ್ಲ, ಅರ್ಧ ಸಂಗೀತ ಹೋಗಿಬಿಡುತ್ತದೆ.

ಒಂದು ವಿಷಯವನ್ನು ಮಾತ್ರ ಮೆದುವಾಗಿ ಹೇಳಲಾಗದು. 2020ರಲ್ಲಿ ಟೇಲರ್ ಸ್ವಿಫ್ಟ್ ಅವರ ‘ಫೋಕ್‌ಲೋರ್’ಗೆ ಪಿಚ್‌ಫೋರ್ಕ್ 8.0 ಕೊಟ್ಟಾಗ, ಅಂದರೆ ಹೊಗಳಿದಾಗಲೇ, ಬರೆದವರಿಗೆ ಅಭಿಮಾನಿಗಳಿಂದ ಬೆದರಿಕೆಗಳು ಬಂದವು, ಅವರ ಖಾಸಗಿ ವಿವರಗಳನ್ನು ಬೀದಿಗೆ ತಂದರು. ಅವರ ಮೇಲಿದ್ದ ಒಂದು ಸಿಟ್ಟು, 8.0ರಿಂದ ಮೆಟಾಕ್ರಿಟಿಕ್ ಸರಾಸರಿ ಇಳಿಯುತ್ತದೆ ಅನ್ನುವುದು. ಲೆಕ್ಕ ಹಾಕಿ ನೋಡಿ: 20 ವಿಮರ್ಶೆಗಳ ಸರಾಸರಿ 90 ಇದೆ ಅಂದುಕೊಳ್ಳಿ, ಅದಕ್ಕೆ ಒಂದು 80 ಸೇರಿದರೆ ತೂಕದ ಗೊಡವೆ ಬಿಟ್ಟರೆ 89.5 ಆಗುತ್ತದೆ. ಅರ್ಧ ಅಂಕ. 2024ರಲ್ಲಿ ಪೇಸ್ಟ್ ಪತ್ರಿಕೆ ಸ್ವಿಫ್ಟ್ ಅವರ ಆಲ್ಬಮ್‌ನ ಕಟು ವಿಮರ್ಶೆಯನ್ನು ಬರೆದವರ ಹೆಸರೇ ಹಾಕದೆ ಪ್ರಕಟಿಸಿತು. 2019ರಲ್ಲಿ ಸ್ವಿಫ್ಟ್ ಅವರದೇ ‘ಲವರ್’ ಆಲ್ಬಮ್‌ನ ವಿಮರ್ಶೆ ಬರೆದವರಿಗೆ ಹಿಂಸೆಯ ಬೆದರಿಕೆ ಬಂದದ್ದೇ ಕಾರಣ ಅಂತ ಪತ್ರಿಕೆಯೇ ಹೇಳಿತು. ಹೆಸರಿಲ್ಲದ ವಿಮರ್ಶೆಯಿಂದ ಕೇಳುಗರಿಗೇ ನಷ್ಟ, ಮೇಲೆ ಹೇಳಿದ 20 ಆಲ್ಬಮ್ ಪರೀಕ್ಷೆಯನ್ನು ಹೆಸರಿಲ್ಲದವರ ಮೇಲೆ ಮಾಡಲಾಗದು. ನಿಮ್ಮ ಬಳಗದಲ್ಲಿ ಯಾರಾದರೂ ವಿಮರ್ಶಕರ ಖಾತೆಗೆ ಹೋಗಿ ಬೈಯುವ ಮಾತೆತ್ತಿದರೆ ಅಲ್ಲೇ ತಡೆಯಿರಿ.

ನಿಮ್ಮ ಮುಂದಿನ ಭೇಟಿಗೆ ಹೀಗೆ ಮಾಡಿ. ಒಂದೇ ಆಲ್ಬಮ್ ಆರಿಸಿ, ಎಲ್ಲರೂ ಅದೇ ಆವೃತ್ತಿಯನ್ನು ಕೇಳಿ. ಡೀಲಕ್ಸ್ ಆವೃತ್ತಿಯಲ್ಲಿ ಹಾಡು ಹೆಚ್ಚಿರುತ್ತವೆ, ಕ್ರಮವೂ ಬದಲಾಗಿರಬಹುದು. ವಾರದಲ್ಲಿ ಮೂರು ಸಲ ಕೇಳಬೇಕು, ಅದರಲ್ಲಿ ಒಂದು ಸಲವಾದರೂ ಬೇರೆ ಕೆಲಸ ಬಿಟ್ಟು, ಮೊದಲಿಂದ ಕೊನೆವರೆಗೆ. ಅಷ್ಟರವರೆಗೆ ಯಾವ ವಿಮರ್ಶೆಯನ್ನೂ ಓದಕೂಡದು. ಬರುವಾಗ ಪ್ರತಿಯೊಬ್ಬರೂ ಚೀಟಿಯಲ್ಲಿ ಎರಡು ಜಾಗ ಬರೆದು ತರಲಿ, ಹಾಡಿನ ಹೆಸರು, ನಿಮಿಷ, ಸೆಕೆಂಡ್ ಸಹಿತ: ಒಂದು ಹಿಡಿಸಿದ ಕಡೆ, ಒಂದು ಕೆಟ್ಟಿದೆ ಅನ್ನಿಸಿದ ಕಡೆ. ಚೀಟಿಗಳನ್ನು ಮೇಜಿನ ಮೇಲಿಟ್ಟು, ಆ ಜಾಗಗಳನ್ನೇ ಮತ್ತೆ ಹಾಕಿ ಕೇಳಿ. ಇಬ್ಬರು ಒಂದೇ ಜಾಗವನ್ನು, ಒಬ್ಬರು ಮೆಚ್ಚಿ ಇನ್ನೊಬ್ಬರು ಕೆಡುಕು ಅಂದು ಬರೆದಿದ್ದರೆ ಅಲ್ಲಿಂದಲೇ ಮಾತು ಶುರುಮಾಡಿ. ಅಂಕಗಳನ್ನು ಕೊನೆಗೆ ತೆರೆಯಿರಿ.